ಮೇಣದಬತ್ತಿ ಜಾರಿನಿಂದ ಬಂದ ವಾಸನೆ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ತೊಡಗಿದರೆ ನಾನು ಎರಡೇ ಪ್ರಶ್ನೆ ಕೇಳುತ್ತಿದ್ದೆ: ಆಗ ನಿಮಗೆ ಜ್ವರ ಇತ್ತೆ? ಜೊತೆಗಿದ್ದ ಬೇರೆಯವರಿಗೂ ಅದು ಗೊತ್ತಾಯಿತೆ? ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಿದ್ದರು. ಈಗ ನಾನೇ ಅಂಥದೊಂದನ್ನು ಬರೆಯುತ್ತಿರುವುದರಿಂದ ಆ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ನನಗೆ ಜ್ವರ ಇರಲಿಲ್ಲ. ಬೇರೆ ಯಾರಿಗೂ ಗೊತ್ತಾಗಲಿಲ್ಲ.

ನಾನು ಧಾರವಾಡದವಳು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಗೋವಾದ ಫೋಂಡಾ ಸಮೀಪದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ರೋಗಿಯ ರಕ್ತದಲ್ಲಿ, ಕಫದಲ್ಲಿ ಇರುವ ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸುವುದು ನಮ್ಮ ಕೆಲಸ. ಬಹಳಷ್ಟು ಬ್ಯಾಕ್ಟೀರಿಯಾಗಳು ಅವುಗಳ ಆಹಾರ ಹರಡಿಟ್ಟ ಪ್ಲೇಟಿನ ತುಂಬ ಒಂದೇ ರಾತ್ರಿಯಲ್ಲಿ ಬೆಳೆದುಬಿಡುತ್ತವೆ. ಕೆಲವು ಮಾತ್ರ ಮಹಾ ಹಟಮಾರಿಗಳು. ಅವಕ್ಕೆ ರಕ್ತವನ್ನು ಬಿಸಿಮಾಡಿ ತಯಾರಿಸಿದ, ಚಾಕೊಲೇಟಿನ ಬಣ್ಣದ ಆಹಾರ ಬೇಕು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಹೆಚ್ಚಿರಬೇಕು. ಅದಕ್ಕಾಗಿ ನಾವು ದೊಡ್ಡ ಗಾಜಿನ ಜಾರಿನಲ್ಲಿ ಪ್ಲೇಟುಗಳನ್ನಿಟ್ಟು, ಮೇಲೊಂದು ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಬಿಗಿಯುತ್ತೇವೆ. ಬತ್ತಿ ತಾನಾಗಿ ಆರಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಅವು ಬೆಳೆಯುತ್ತವೆಂಬ ಭರವಸೆ ಇಲ್ಲ.

ಇನ್ನೊಂದು ಸಂಗತಿ ಇಲ್ಲಿಯೇ ಹೇಳಬೇಕು. ಈ ಘಟನೆಗೆ ಎರಡು ವರ್ಷ ಮೊದಲು ಒಂದು ಜ್ವರ ಬಂದು ಹೋದಾಗ ನನ್ನ ಮೂಗಿನ ಶಕ್ತಿ ಪೂರ್ತಿ ಹೋಗಿತ್ತು. ಮಲ್ಲಿಗೆಯಿಲ್ಲ, ಒಗ್ಗರಣೆಯಿಲ್ಲ, ಸೀಮೆಎಣ್ಣೆಯೂ ಇಲ್ಲ. ಮನೆಯಲ್ಲಿ ಹೇಳಿರಲಿಲ್ಲ. ಲ್ಯಾಬಿನಲ್ಲಿ ಅದರಿಂದ ತೊಂದರೆಯೂ ಆಗಲಿಲ್ಲ, ಯಾಕೆಂದರೆ ಪ್ಲೇಟನ್ನು ಮೂಸಿ ನೋಡಕೂಡದೆಂಬುದು ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ಹಾಕಿದ ಮೊದಲ ನಿಯಮ. ಕೆಲವು ಬ್ಯಾಕ್ಟೀರಿಯಾಗಳು ಮೂಗಿನಿಂದಲೇ ಒಳಗೆ ಹೋಗುತ್ತವೆ.

ಆ ವಾರ ಬಂದ ರಕ್ತ ಉಸಗಾಂವದಲ್ಲಿ ವಾಸವಾಗಿದ್ದ, ವಿಜಯಪುರದ ಕಡೆಯ ಒಬ್ಬ ಹೆಂಗಸಿನದು. ರಾಜಬಿ ಎಂದು ಕರೆಯುತ್ತೇನೆ, ಅದು ಅವರ ನಿಜವಾದ ಹೆಸರಲ್ಲ. ವಯಸ್ಸು ನಲವತ್ತರ ಆಸುಪಾಸು, ಗಂಡ ಲಾರಿ ಚಾಲಕ. ತಿಂಗಳಿನಿಂದ ಜ್ವರ. ಚಿಕ್ಕಂದಿನಿಂದಲೇ ಹೃದಯದ ಒಂದು ಕವಾಟ ಕೆಟ್ಟಿತ್ತು. ಆ ಕವಾಟಕ್ಕೇ ಸೋಂಕು ತಗುಲಿದೆಯೆಂದು ಡಾಕ್ಟರರ ಅನುಮಾನ. ಆದರೆ ಯಾವುದರ ಸೋಂಕು? ಅದು ತಿಳಿಯದೆ ಔಷಧ ಕೊಡುವುದು ಕಣ್ಣು ಮುಚ್ಚಿ ಕಲ್ಲು ಎಸೆದಂತೆ. ರಕ್ತ ಹಾಕಿಟ್ಟ ಬಾಟಲಿಯಲ್ಲಿ ಏನೂ ಬೆಳೆಯದಿದ್ದಾಗ ಮೂರನೆಯ ದಿನ ಅದರಿಂದ ಒಂದು ಹನಿಯನ್ನು ಚಾಕೊಲೇಟ್ ಪ್ಲೇಟಿಗೆ ಹಾಕಿ ಜಾರಿನಲ್ಲಿಟ್ಟೆ.

ಐದನೆಯ ದಿನ ಬೆಳಿಗ್ಗೆ, ಸುಮಾರು ಹತ್ತು ಗಂಟೆ. ಅವತ್ತು ಕೊನೆಯ ವರದಿ ಹೋಗಬೇಕು. ‘ಬೆಳವಣಿಗೆ ಇಲ್ಲ’ ಎಂದು ಕಂಪ್ಯೂಟರಿನಲ್ಲಿ ತುಂಬಿಯೂ ಆಗಿತ್ತು. ಪ್ಲೇಟನ್ನು ಕಸಕ್ಕೆ ಹಾಕುವ ಮೊದಲು ಕೊನೆಯ ಸಲ ನೋಡೋಣವೆಂದು ಜಾರಿನ ಮುಚ್ಚಳ ತಿರುಗಿಸಿದೆ.

ಬ್ಲೀಚಿಂಗ್ ಪುಡಿಯ ವಾಸನೆ ಬಂತು.

ಮುಖಕ್ಕೆ ಮಾಸ್ಕ್ ಇತ್ತು. ಆದರೂ ಬಂತು, ತೊಳೆದ ನೀರಿನ ಟಾಕಿಯೊಳಗೆ ತಲೆ ಹಾಕಿದಾಗ ಬರುವಷ್ಟು ಗಟ್ಟಿಯಾಗಿ. ಎರಡು ವರ್ಷಗಳ ನಂತರ ನನಗೆ ತಿಳಿದ ಮೊದಲ ವಾಸನೆ! ನನ್ನ ಕಣ್ಣಲ್ಲಿ ನೀರು ತುಂಬಿತು. ಮುಚ್ಚಳ ಹಿಡಿದುಕೊಂಡೇ ನೆಲ ಒರೆಸುತ್ತಿದ್ದ ಶೇವಂತಿಬಾಯಿಗೆ, ಇವತ್ತು ಬ್ಲೀಚ್ ಹಾಕಿದ್ದೀರಾ ಎಂದು ಕೇಳಿದೆ.

“ಬ್ಲೀಚ್ ಖಂಯ್ಚೊ ಗೋ? ಸಂಪ್ಲೊ!” ಎಂದು ಕೊಂಕಣಿಯಲ್ಲಿ ಅಂದರು. ಮುಗಿದು ನಾಲ್ಕು ದಿನವಾಯಿತಂತೆ. ನನ್ನ ಮೂಗಿನ ಸಂಗತಿ ಲ್ಯಾಬಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕರು: “ತುಜೆಂ ನಾಕ್ ಪರತ್ ಆಯ್ಲೆಂ ಕಿತೆಂ?” ನಿನ್ನ ಮೂಗು ವಾಪಸು ಬಂತೇನು ಎಂದು. ಅವರನ್ನೇ ಹತ್ತಿರ ಕರೆದು ನಿಲ್ಲಿಸಿದೆ. ಮೇಣದ ವಾಸನೆ ಬಿಟ್ಟರೆ ಅವರಿಗೆ ಏನೂ ಬರಲಿಲ್ಲ. ಪಕ್ಕದ ಮೇಜಿನ ಹುಡುಗಿಗೂ ಅಷ್ಟೇ. ಪ್ಲೇಟನ್ನು ದೀಪದ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ಇಂಚಿಂಚು ನೋಡಿದೆ. ನುಣ್ಣಗಿತ್ತು, ಒಂದು ಚುಕ್ಕೆಯೂ ಇಲ್ಲ.

ಆಗ ನೆನಪಾಯಿತು, ಪರೀಕ್ಷೆಗೆಂದು ಎಂದೋ ಓದಿದ್ದ ಒಂದು ಸಾಲು. ಹಟಮಾರಿ ಬ್ಯಾಕ್ಟೀರಿಯಾಗಳಲ್ಲಿ ಐಕೆನೆಲ್ಲಾ ಎಂಬುದೊಂದಿದೆ. ಮನುಷ್ಯರ ಬಾಯಲ್ಲಿ ಸುಮ್ಮನೆ ಬದುಕಿಕೊಂಡಿರುತ್ತದೆ. ರಕ್ತಕ್ಕೆ ಸೇರಿದರೆ ಹೃದಯದ ಕವಾಟಕ್ಕೆ ಅಂಟುತ್ತದೆ. ಬೆಳೆದಾಗ ಬ್ಲೀಚಿನ ವಾಸನೆ ಬರುತ್ತದೆ.

ವರದಿಯನ್ನು ತಡೆದು ರಿಜಿಸ್ಟರಿನಲ್ಲಿ, ‘ಇನ್ನೂ ನಲವತ್ತೆಂಟು ಗಂಟೆ ಇಡುವುದು’ ಎಂದು ಬರೆದೆ. ಮುಂದಿನ ಅಂಕಣ ‘ಕಾರಣ’. ಅದನ್ನು ಖಾಲಿ ಬಿಟ್ಟೆ. ನಾನು ಅಂಕಣ ಖಾಲಿ ಬಿಡುವವಳಲ್ಲ.

ಮೇಡಂ ಬಂದವರೇ ಅದರ ಮೇಲೆ ಬೆರಳಿಟ್ಟರು. “ಆಧಾರ ಏನು?”

“ಅನುಮಾನ ಇದೆ ಮೇಡಂ.”

“ಅನುಮಾನ ನನ್ನ ಅತ್ತೆಗೂ ಇರುತ್ತದೆ. ಮಧ್ಯಾಹ್ನ ಮೂರರೊಳಗೆ ಆಧಾರ ತಾ, ಇಲ್ಲದಿದ್ದರೆ ವರದಿ ಕಳಿಸುತ್ತೇನೆ.”

ನಾನು ವಾರ್ಡಿಗೆ ಹೋಗುವವಳಲ್ಲ. ಅಪರಿಚಿತರ ಜೊತೆ ಮಾತಾಡುವುದೆಂದರೆ ಕಷ್ಟ. ಅವತ್ತು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ. ಹೋದರೆ ರಾಜಬಿಯ ಗಂಡ ಚೀಲ ಕಟ್ಟುತ್ತಿದ್ದರು. ಸಂಜೆ ಐದರ ಬಸ್ಸಿಗೆ ಊರಿಗೆ ಹೊರಟಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಸಿಟ್ಟೆಲ್ಲ ನನ್ನ ಮೇಲೆ ಬಂತು.

“ಏನ್ ಇರೂದ್ರಿ ಮೇಡಂ ಇಲ್ಲಿ? ನಮ್ಮಾಕಿ ನಶಾದ ಸೂಜಿ ಚುಚ್ಕೋತಾಳಂತ ಬರದಾರ್ರಿ ಕಾಗದದಾಗ! ಮೂರು ಮಕ್ಕಳ ತಾಯಿ! ಕೂಲಿ ಜನ ಅಂದ್ರ ಏನರೆ ಬರೀಬಹುದೇನ್ರಿ?”

ಕಡತ ನೋಡಿದೆ. ಹೌದು, ‘ದಿನಾ ಸೂಜಿಯ ಬಳಕೆ’ ಎಂದಿತ್ತು. ಸಣ್ಣ ಡಾಕ್ಟರು ಹಿಂದಿಯಲ್ಲಿ “ಸುಯಿ ಲೇತೀ ಹೋ ಕ್ಯಾ?” ಎಂದು ಕೇಳಿದ್ದರಂತೆ. ಮಾದಕದ ಇಂಜೆಕ್ಷನ್ ಬಗ್ಗೆ ಅವರ ಪ್ರಶ್ನೆ. ರಾಜಬಿ “ಹೌ, ರೋಜ್ ಲೇತೀ” ಅಂದಿದ್ದರು, ಹೌದು, ದಿನಾ ಹಿಡಿಯುತ್ತೇನೆ ಎಂದು.

“ನೀವು ಯಾವ ಸೂಜಿ ಅಂತ ತಿಳ್ಕೊಂಡ್ರಿ ಅಕ್ಕಾ?” ಎಂದೆ.

“ಅಯ್ಯ, ನನಗ ಇರೂದು ಒಂದ ಸೂಜಿ ತಂಗಿ. ಕೌದಿ ಹೊಲಿಯೂದು.” ಮಲಗಿದಲ್ಲಿಂದಲೇ ಎರಡು ಬೆರಳು ಎತ್ತಿ ತುಟಿಯ ಮೂಲೆಗೆ ತಂದು ತೋರಿಸಿದರು. “ಹಿಂಗ ಹಲ್ಲಾಗ ಹಿಡ್ಕೋತೀನಿ. ದಾರ ಎಂಜಲ ಹಚ್ಚಿ ಪೋಣಸ್ತೀನಿ. ಬೆರಳಿಗೆ ಚುಚ್ಚತೈತಿ, ಚೀಪಿ ಮತ್ತ ಹೊಲೀತೀನಿ. ಅದಕ್ಕ ಡಾಕ್ಟರಗ ಯಾಕ ಸಿಟ್ಟು?”

ನಾನು ಅಲ್ಲಿಯೇ ಮಂಚದ ತುದಿಯಲ್ಲಿ ಕುಳಿತುಬಿಟ್ಟೆ. ಬಾಯಿಂದ ಸೂಜಿಗೆ, ಸೂಜಿಯಿಂದ ಬೆರಳಿನ ರಕ್ತಕ್ಕೆ, ಅಲ್ಲಿಂದ ಕೆಟ್ಟ ಕವಾಟಕ್ಕೆ. ಓದಿದ ಸಾಲು ಎದುರಿಗೆ ಮಲಗಿಕೊಂಡು ಮಾತಾಡುತ್ತಿತ್ತು. ನಗು ಬಂತು. ಗಂಡನಿಗೆ ನಡೆದ ತಪ್ಪು ಬಿಡಿಸಿ ಹೇಳಿ, “ಎರಡು ದಿನ ಇರ್ರಿ ಅಣ್ಣಾರ. ಈಗ ಹೋದ್ರ ಎದಿಗೆ ಹತ್ತಿದ್ದು ಏನಂತ ಗೊತ್ತಾಗೂದಿಲ್ಲ” ಎಂದು ಬೇಡಿಕೊಂಡೆ.

“ಎರಡು ದಿನಕ್ಕ ಗೊತ್ತಾಗತೈತಂತ ಗ್ಯಾರಂಟಿ ಏನ್ರಿ?”

“ಗ್ಯಾರಂಟಿ ಇಲ್ರಿ.”

ಅವರು ಚೀಲದ ಗಂಟು ಬಿಗಿದರು. ರಾಜಬಿ ನನ್ನ ಮುಖವನ್ನೇ ನೋಡುತ್ತಿದ್ದರು. “ಇರೂಣು ಬಿಡ್ರಿ,” ಅಂದರು. “ಈಕೀದು ಏನೂ ಮುಚ್ಚಿಡೂ ಮಾರಿ ಅಲ್ಲ.” ನಾನು ತಲೆ ತಗ್ಗಿಸಿದೆ. ವಾಸನೆಯ ಸಂಗತಿ ಮುಚ್ಚಿಟ್ಟಿದ್ದೇನೆಂದು ಅಲ್ಲಿ ನನಗಷ್ಟೇ ಗೊತ್ತಿತ್ತು.

ಮೇಡಂಗೆ ಸೂಜಿಯ ಕಥೆ ಹೇಳಿದಾಗ ಕನ್ನಡಕ ತೆಗೆದು ನನ್ನನ್ನು ನೋಡಿ, “ಇಡು” ಎಂದರು. ಜಾರಿನಲ್ಲಿ ಹೊಸ ಬತ್ತಿ ಹಚ್ಚಿದೆ. ಆ ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಏನೂ ಬೆಳೆಯದಿದ್ದರೆ ಅವರನ್ನು ತಡೆದವಳು ನಾನು.

ಏಳನೆಯ ದಿನ ಬೆಳಿಗ್ಗೆ ಪ್ಲೇಟಿನ ಮೇಲೆ ಗಸಗಸೆಗಿಂತ ಸಣ್ಣ ಚುಕ್ಕೆಗಳಿದ್ದವು. ಓರೆಯಾಗಿ ಹಿಡಿದಾಗ ಪ್ರತಿಯೊಂದೂ ತನ್ನ ಕೆಳಗೆ ಒಂದು ಪುಟ್ಟ ಕುಳಿ ತೋಡಿಕೊಂಡಿತ್ತು. ನಾನು ಕೂಗಿದೆನಂತೆ. ಶೇವಂತಿಬಾಯಿ ಇವತ್ತಿಗೂ ಅದನ್ನು ಅಣಕಿಸಿ ತೋರಿಸುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳ್ಳನೆಯ ಗುಲಾಬಿ ಕಡ್ಡಿಗಳು. ಉಳಿದ ಪರೀಕ್ಷೆಗಳೂ ಒಂದೊಂದಾಗಿ ಹೊಂದಿದವು. ಐಕೆನೆಲ್ಲಾ!

ಮೇಡಂ ಪ್ಲೇಟನ್ನು ಸುರಕ್ಷತಾ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ತೆರೆದರು. ತೆರೆದವರೇ ತಲೆ ಹಿಂದಕ್ಕೆ ತೆಗೆದು, “ಶೇವಂತಿ, ಬ್ಲೀಚ್ ಬಂತೇನು?” ಎಂದು ಕೇಳಿದರು. ಕೇಳಿದ ಮೇಲೆ ತಮಗೇ ಹೊಳೆದು ನಕ್ಕರು. ಪಕ್ಕದ ಮೇಜಿನ ಹುಡುಗಿಗೂ ವಾಸನೆ ಬಂತು. ಬಾಗಿಲಲ್ಲಿ ನಿಂತಿದ್ದ ಶೇವಂತಿಬಾಯಿಗೂ ಬಂತು.

ನಾನು ಅವರೆಲ್ಲರಿಗಿಂತ ಹತ್ತಿರ ನಿಂತಿದ್ದೆ. ನನಗೆ ಏನೂ ಬರಲಿಲ್ಲ.

ಅಂದಿನಿಂದ ಇವತ್ತಿನವರೆಗೂ ಬಂದಿಲ್ಲ. ರಾಜಬಿಗೆ ಸರಿಯಾದ ಔಷಧ ಸಿಕ್ಕಿತು. ಹಲವು ವಾರಗಳ ನಂತರ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರು. ಆಮೇಲೆ ನನಗೊಂದು ಕೌದಿ ಹೊಲಿದು ಕಳಿಸಿದರು, ಸೂಜಿ ಈಗ ಡಬ್ಬಿಯಲ್ಲಿರುತ್ತದೆಂಬ ಮಾತಿನ ಜೊತೆಗೆ. ಹೊಸ ಕೌದಿಗೆ ಒಂದು ವಾಸನೆ ಇರುತ್ತದಲ್ಲ, ಅದಕ್ಕಾಗಿ ಮುಖ ಒತ್ತಿ ನೋಡಿದೆ. ಇಲ್ಲ.

ವಿವರಣೆಗಳನ್ನು ಹುಡುಕಿದ್ದೇನೆ. ಮೂಗು ಹೋದವರಿಗೆ ಕೆಲವೊಮ್ಮೆ ಇಲ್ಲದ ವಾಸನೆ ಬರುವುದುಂಟು. ಸುಟ್ಟದ್ದು, ಕೊಳೆತದ್ದು ಬರುತ್ತದೆಂದು ಹಲವರು ಹೇಳುತ್ತಾರೆ. ಆದರೆ ನನಗೆ ಬಂದದ್ದು ಒಂದೇ ದಿನ, ಒಂದೇ ಜಾರಿನಿಂದ, ಎರಡು ದಿನಗಳ ನಂತರ ಎಲ್ಲರಿಗೂ ಬರಲಿದ್ದ ಅದೇ ವಾಸನೆ. ಕಣ್ಣಿಗೆ ಕಾಣದಷ್ಟು ಅದು ಆಗಲೇ ಬೆಳೆದಿತ್ತು ಎನ್ನಬಹುದು. ಹಾಗಿದ್ದರೆ ಚೆನ್ನಾಗಿದ್ದ ಎರಡು ಮೂಗುಗಳನ್ನು ಬಿಟ್ಟು ಸತ್ತ ಮೂಗಿಗೆ ಅದು ಹೇಗೆ ತಿಳಿಯಿತು?

ಕಳೆದ ತಿಂಗಳು ಹಳೆಯ ರಿಜಿಸ್ಟರುಗಳನ್ನು ತಪಾಸಣೆಗೆ ಸಿದ್ಧಮಾಡುವಾಗ ಮೇಡಂ ಆ ಪುಟದಲ್ಲಿ ಗುರುತಿಟ್ಟು ಕಳಿಸಿದ್ದರು: ಕಾರಣ ಬರೆದಿಲ್ಲ, ತುಂಬು. ಸೂಜಿಯ ಸಂಗತಿ ಬರೆಯಬಹುದಿತ್ತು, ಆದರೆ ಅದು ನನಗೆ ತಿಳಿದದ್ದು ಆಮೇಲೆ. ಪೆನ್ನು ತೆರೆದೆ. ಬರೆಯಲು ನನ್ನ ಬಳಿ ಇದ್ದದ್ದು ‘ವಾಸನೆ’ ಎಂಬ ಒಂದೇ ಶಬ್ದ. ಪುಟ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.