ಗಟ್ಟಿಯಾಗಿ ಓದಿದ ಹತ್ತು ಹೆಸರು

ಅಕ್ಕನ ಎಡಗೈಯಲ್ಲಿ ಬಳೆಗಳ ಜೊತೆಗೆ ಬಣ್ಣಬಣ್ಣದ ಹೊಲಿಗೆ ದಾರದ ತುಂಡುಗಳೂ ಇರುತ್ತಿದ್ದವು. ಕಂಪ್ಯೂಟರಿನ ವೈರು ಕಳಚುವ ಮೊದಲು ವೈರಿಗೊಂದು, ಅದು ಕೂರುವ ಜಾಗಕ್ಕೊಂದು ಒಂದೇ ಬಣ್ಣದ ದಾರ ಕಟ್ಟುತ್ತಿದ್ದರು. ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಬಂದು, ಹಾಸನದ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆಯುತ್ತಿದ್ದವರು ಅವರೇ. ನಾನು ಬಿ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸೇರಿದ್ದೆ; ಎಲ್ಲರಂತೆ ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ.

"ನಕಲು ಐತೆ ಅನ್ಬ್ಯಾಡ ಕಣ್ಲಾ, ತೆಗ್ದು ಓದ್ದೆ ಅನ್ನು" ಎನ್ನುವುದು, ಯಾವ ಕಡತದ ನಕಲು ತೆಗೆದಿಟ್ಟರೂ, ಅವರ ಮಾತು.

ಆ ವರ್ಷ ಹಳೆಯ ಸರ್ವರಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿದೆವು. ಅದರಲ್ಲಿ ರಕ್ತದಾನಿಗಳ ಪಟ್ಟಿಯೂ ಇತ್ತು. ಹೆಸರು, ಊರು, ರಕ್ತದ ಗುಂಪು ಎಲ್ಲವೂ ಕನ್ನಡದಲ್ಲಿ. "ಹೊಸದ್ರಲ್ಲಿ ಹತ್ತು ಹೆಸ್ರು ಓದ್ದೇನ್ಲಾ?" ಎಂದು ಅಕ್ಕ ಕೇಳಿದಾಗ "ಓದ್ದೆ ಅಕ್ಕ" ಎಂದುಬಿಟ್ಟೆ. ನಾನು ನೋಡಿದ್ದು ಎಷ್ಟು ಸಾಲಿವೆ ಎಂದು ಮಾತ್ರ.

ಮರುದಿನ ಆಯುಧಪೂಜೆ. ಅಕ್ಕ ಹೂ ತರಲು ಹೋಗಿದ್ದರು. ಒರೆಸಿ ಕುಂಕುಮ ಇಡಲೆಂದು ನಾನು ಹಳೆಯ ಸರ್ವರ್ ಆಫ್ ಮಾಡಿದೆ. ವರ್ಷಗಳಿಂದ ಆರದೆ ಓಡಿದ ಯಂತ್ರ, ಮತ್ತೆ ಹೊತ್ತಿಕೊಳ್ಳಲೇ ಇಲ್ಲ.

ಅಷ್ಟರಲ್ಲಿ ಅಟೆಂಡರ್ ಓಡಿಬಂದ. "ಸಾ, ಎರಿಗೆ ವಾರ್ಡ್‌ನಾಗೆ ಒಂದಮ್ಮಂಗೆ ರಕ್ತ ನಿಲ್ತಿಲ್ಲ. ಓ ನೆಗೆಟಿವ್ ಯಾರವ್ರೆ ಬೇಗ ನೋಡಿ!"

ಹೊಸದರಲ್ಲಿ ಪಟ್ಟಿ ತೆರೆದೆ. ಫೋನ್ ನಂಬರುಗಳ ಪಕ್ಕ ಹೆಸರೂ ಇಲ್ಲ, ಗುಂಪೂ ಇಲ್ಲ. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು. ಆ ಪರದೆ ಇಂದಿಗೂ ನನ್ನ ಕಣ್ಣೆದುರು ಬರುತ್ತದೆ.

ಅಕ್ಕ ಬಂದವರು ಹೂವಿನ ಪೊಟ್ಟಣ ನನ್ನ ಕೈಗೆ ತುರುಕಿದರು. "ಪೂಜೆಗೆ ಅಂತ ಹಳೇದನ್ನ ಯಾಕ್ಲಾ ಮಲಗಿಸ್ದೆ? ದೇವ್ರನ್ನ ಮಲಗಿಸಿ ಮಂಗಳಾರತಿ ಎತ್ತಾರೇನ್ಲಾ?" ಎನ್ನುತ್ತಲೇ ಪರದೆ ನೋಡಿದರು. "ಎದ್ರಬ್ಯಾಡ. ಅಕ್ಷರ ಎಲ್ಲೂ ಓಗಿಲ್ಲ. ಹಳೇ ಫಾಂಟು ಇದ್ರಲ್ಲಿಲ್ಲ, ಅಷ್ಟೇ."

ಬ್ಯಾಗಿನಿಂದ ಹಸಿರು ದಾರ ಸುತ್ತಿದ್ದ ಫ್ಲಾಪಿ ತೆಗೆದರು. ಆ ಕನ್ನಡ ಫಾಂಟನ್ನು ಎಂದೋ ಅದರಲ್ಲಿ ಇಟ್ಟುಕೊಂಡಿದ್ದರು. ಹಾಕಿ ಪಟ್ಟಿ ಮತ್ತೆ ತೆರೆದರೆ, ಸಾಲುಸಾಲಾಗಿ ಕನ್ನಡ. ಓ ನೆಗೆಟಿವ್ ನಾಲ್ವರಿದ್ದರು: ಚನ್ನರಾಯಪಟ್ಟಣದವರೊಬ್ಬರು, ಅರಕಲಗೂಡಿನವರಿಬ್ಬರು. ಹತ್ತಿರದವರೆಂದರೆ ಕೊರವಂಗಲದ ರೈತರೊಬ್ಬರು. ಅಕ್ಕ ಫೋನು ಮಾಡಿದ ಅರ್ಧ ಗಂಟೆಯಲ್ಲಿ ಬಂದಿಳಿದರು. ಅವರ ಬೈಕಿನ ಹ್ಯಾಂಡಲಿನಲ್ಲಿ ಚೆಂಡುಹೂವಿನ ಹಾರ ಇನ್ನೂ ತೂಗುತ್ತಿತ್ತು. ತಾಯಿ, ಮಗು ಇಬ್ಬರೂ ಉಳಿದರು.

ಸಂಜೆ ಅಕ್ಕ ಕೇಳಿದ್ದು ಒಂದೇ. "ಓದಿರ್ಲಿಲ್ಲ ಅಲ್ವೇನ್ಲಾ?"

"ಇಲ್ಲ ಅಕ್ಕ, ಸಾಲು ಮಾತ್ರ ಎಣಿಸಿದ್ದೆ" ಎಂದೆ.

"ಇನ್ಮೇಲೆ ಗಟ್ಟಿಯಾಗಿ ಓದು. ಕೇಳಿಸ್ಕೊಳ್ಳಕ್ಕೆ ನಾನಿಲ್ವಾ?"

ಈಗ ಅವರಿಲ್ಲ. ಆಮೇಲೆ ಮೂರು ಬಾರಿ ಸರ್ವರ್ ಬದಲಾಯಿಸಿದ್ದೇನೆ, ಒಂದು ಸಾಲೂ ಕಳೆದಿಲ್ಲ. ಪ್ರತಿ ಸಲವೂ ಹಳೆಯದನ್ನು ಆಫ್ ಮಾಡುವ ಮೊದಲು ಬಾಗಿಲು ಮುಂದೆ ಮಾಡಿ, ಖಾಲಿ ಕೋಣೆಯಲ್ಲಿ ಹತ್ತು ಹೆಸರು ಗಟ್ಟಿಯಾಗಿ ಓದುತ್ತೇನೆ. ಮೊದಲು ಕೊರವಂಗಲದವರದು.