ಕಣ್ಣಿಲ್ಲದ ನವಿಲುಗಳು

ನಮ್ಮಣ್ಣ ತಿಪ್ಪೇಸ್ವಾಮಿ ಕಾರ್ಡುಗಳನ್ನು ಕಣ್ಣು ಮುಚ್ಚಿಕೊಂಡು ಓದುತ್ತಿದ್ದ. ರೇಷ್ಮೆ ಸೀರೆಯ ಮಗ್ಗದ ಮೇಲೆ ಸಾಲಾಗಿ ಪೋಣಿಸಿ ತೂಗುಹಾಕುವ ರಟ್ಟಿನ ಕಾರ್ಡುಗಳು ಅವು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೂವು, ನವಿಲು ಮೂಡುವುದು ಅಷ್ಟರಿಂದಲೇ. ಆ ತೂತು ಹೊಡೆಯುವುದು ಅವನ ಕೆಲಸ. ಮುಗಿದ ಕಾರ್ಡಿನ ಮೇಲೆ ತೋರುಬೆರಳಾಡಿಸಿ "ಇಲ್ಲಿ ತಪ್ಪೈತೆ" ಅಂದನೆಂದರೆ ತಪ್ಪಿರುತ್ತಿತ್ತು.

ಹರೆಯದಲ್ಲಿ ಒಂದು ವರ್ಷ ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಿದ್ದ. ಆಮೇಲೆ ದೇವರ ಪಟದ ಪಕ್ಕ ಪತ್ರಿಕೆಯಿಂದ ಕತ್ತರಿಸಿದ ಮೂರು ಚಿತ್ರ ಅಂಟಿಸಿದ. ಕುದಾಪುರದ ವಿಜ್ಞಾನ ಕ್ಯಾಂಪಸ್ಸಿನಿಂದ ಇಬ್ಬರು ಹುಡುಗಿಯರು ಮಗ್ಗ ನೋಡಲು ಬಂದಾಗ, "ಚಪ್ಪಲಿ ಬಿಟ್ಟು ಬರ್ರವ್ವಾ, ನಿಮ್ಮ ಕಂಪ್ಯೂಟರಿನ ಅಜ್ಜನ ಮನೆ ಇದು" ಎಂದು, ಆ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ್ದ.

"ಈತ ಫ್ರಾನ್ಸಿನ ನೇಕಾರನ ಮಗ, ಈ ಕಾರ್ಡಿನ ಮಗ್ಗ ಮಾಡ್ದೋನು. ಈತ ಇಂಗ್ಲೆಂಡಿನೋನು, ಕಾರ್ಡು ಲೆಕ್ಕ ಮಾಡಾಕೂ ಆಗ್ತೈತೆ ಅಂದು ಯಂತ್ರ ಕಟ್ಟಾಕೆ ಹೋದ, ಮುಗೀಲಿಲ್ಲ, ಸತ್ತ. ಈಯಮ್ಮ ನೋಡ್ರಿ, ಆ ಇಲ್ದಿರೋ ಯಂತ್ರಕ್ಕೇ ಹಿಂಗಿಂಗೆ ಮಾಡು ಅಂತ ಬರೆದಿಟ್ಲು. ಯಂತ್ರ ತಾನಾಗಿ ಏನೂ ಹುಟ್ಟಿಸಲ್ಲ, ನಾವು ಹೇಳಿದ್ದಷ್ಟೇ ಮಾಡ್ತೈತೆ ಅಂತ ಆವತ್ತೇ ತಿಳ್ಕಂಡಿದ್ಲು."

ಆ ಮಾತನ್ನು ಅವನು ಮನೆಯವರ ಮೇಲೂ ಪ್ರಯೋಗಿಸಿದ. ನನ್ನ ಮದುವೆ ಸೀರೆಯ ಕಾರ್ಡುಗಳನ್ನು ನಾನೇ ಹೊಡೆಯಬೇಕೆಂದ. ಹೊಡೆದೆ. ಅವನು ಎಲ್ಲದರ ಮೇಲೂ ಬೆರಳಾಡಿಸಿದ, ಒಂದು ಮಾತೂ ಆಡದೆ ನೇಯ್ದುಕೊಟ್ಟ. ನಾನು ಒಂದೇ ಒಂದು ತೂತು ಮರೆತಿದ್ದೆ. ಒಂದೇ ತೂತು ಸಾಲಿನ ಎಲ್ಲ ನವಿಲುಗಳ ಎಳೆಯನ್ನೂ ಎತ್ತುವುದರಿಂದ ಸೆರಗಿನ ಒಂದು ನವಿಲಿಗೂ ಕಣ್ಣಿರಲಿಲ್ಲ. ಧಾರೆಯ ದಿನ ಅದನ್ನು ಕಂಡವರು ನಮ್ಮತ್ತೆ. "ಏನ್ರೀ, ಕುರುಡು ನವಿಲು ಕೊಟ್ಟು ಕಳಿಸ್ತಿದೀರಾ?" ಮಂಟಪವೆಲ್ಲ ನಕ್ಕಿತು. ಎಷ್ಟೋ ವರ್ಷ ಗಂಡನ ಮನೆಯ ಬೀದಿಯಲ್ಲಿ ನಾನು ಕುರುಡು ನವಿಲಿನ ಸೊಸೆಯಾಗಿದ್ದೆ.

"ಗೊತ್ತಿತ್ತಾ ಅಣ್ಣಾ?"

"ಗೊತ್ತಿತ್ತು. ಮಗ್ಗ ಹೇಳಲ್ಲ, ನಾನ್ಯಾಕೆ ಹೇಳ್ಲಿ? ಇನ್ನು ಸಾಯೋತಂಕ ತಪ್ಪಲ್ಲ ನೀನು."

ನಿಜ, ಆಮೇಲೆ ನಾನು ತಪ್ಪಲಿಲ್ಲ.

ಹೋದ ವರ್ಷ ಅವನ ಮಗಳ ಮದುವೆ ಗೊತ್ತಾಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವನ ಬೆರಳ ತುದಿಯನ್ನು ಸಾಯಿಸಿತ್ತು; ಬಿಸಿ ಲೋಟ ಹಿಡಿದರೂ ತಿಳಿಯುತ್ತಿರಲಿಲ್ಲ. ಆದರೂ ಅದೇ ನವಿಲಿನ ಕಾರ್ಡುಗಳನ್ನು ತಾನೇ ಹೊಡೆದ. ನೇಯುವ ಕೆಲಸ ನನ್ನದಾಯಿತು. ಕಾರ್ಡುಗಳನ್ನು ಕೈಗಿಡುತ್ತಾ, ಅಲ್ಲಿಯವರೆಗೆ ಯಾರನ್ನೂ ಕೇಳದವನು ಕೇಳಿದ: "ಒಂದ್ಸಲ ನೋಡವ್ವಾ."

ನೋಡಿದೆ. ಕಣ್ಣಿನ ತೂತು ಇರಲಿಲ್ಲ. ಉಳಿ ಅಲ್ಲೇ ಇತ್ತು, ಒಂದೇ ಏಟಿನ ಕೆಲಸ.

"ಸರಿ ಐತಣ್ಣಾ" ಎಂದೆ.

ನೇಯ್ದೆ. ಸೆರಗು ಮುಗಿಯುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ; ಮಂಚಕ್ಕೇ ಒಯ್ದು ಹರಡಿದೆ. ಮೊದಲು ಬೆರಳಾಡಿಸಿದ, ಏನೂ ತಿಳಿಯಲಿಲ್ಲ. ಆಮೇಲೆ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಮಗ್ಗ ಹೇಳಲ್ಲಲ್ಲ ಅಣ್ಣಾ."

ಅವನು ಬೈಯಲಿಲ್ಲ. ಸೆರಗನ್ನು ಮಡಿಕೆಗೆ ಮಡಿಕೆ ಕೂಡಿಸಿ ಮಡಚಿ ನನ್ನ ಕೈಗೆ ಕೊಟ್ಟ. "ಚೆನ್ನಾಗಿ ಕಲ್ತಿದೀಯ" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ನನ್ನೊಂದಿಗೆ ಅವನಾಡಿದ ಕೊನೆಯ ಮಾತು ಅದು. ಆ ವಾರವೇ ಹೋದ.

ಅವನ ಮಗಳ ಮದುವೆ ಮುಂದಕ್ಕೆ ಹೋಯಿತು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವನ ಉಳಿ ತೆಗೆದುಕೊಂಡು ಆ ಕಾರ್ಡಿಗೆ ತೂತು ಹೊಡೆದೆ, ಬೇರೆ ಸೀರೆ ನೇಯ್ದೆ. ಈಗ ಎಲ್ಲ ನವಿಲಿಗೂ ಕಣ್ಣಿದೆ. ಕಣ್ಣು ಮುಚ್ಚಿ ಕಾರ್ಡಿನ ಮೇಲೆ ಬೆರಳಾಡಿಸುತ್ತೇನೆ. ತಪ್ಪೆಲ್ಲೂ ಸಿಗುವುದಿಲ್ಲ.