ಅಶ್ವಿನಿಗೆ ಎಷ್ಟು ಬಂತು?

ಮೊನ್ನೆ ಸಂಜೆ ಲಿಫ್ಟಿನಿಂದ ಹೊರಬಂದರೆ, ಕಾರಿಡಾರಿನಲ್ಲಿ ಯಾರದೋ ಮಗುವಿನ ಸ್ಕೂಲ್ ಶೂ ಒಣಗಲು ಇಟ್ಟಿದ್ದರು. ಆಗತಾನೆ ಬಿಳಿ ಪಾಲಿಶ್ ಬಳಿದಿದ್ದ ಕ್ಯಾನ್ವಾಸ್ ಶೂ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯಲ್ಲಿ ಏನೋ ಚುರ್ ಎಂದಿತು. ಅಸಿಡಿಟಿ ಅಲ್ಲ, ಅದರ ಪರಿಚಯ ನನಗೆ ಚೆನ್ನಾಗಿದೆ. ಇದು ಶುದ್ಧ ಹೊಟ್ಟೆಕಿಚ್ಚು, ತೊಂಬತ್ತರ ದಶಕದ್ದು. ಇನ್ನೂ ಆರಿಲ್ಲ.

ನೀವು ನಗುತ್ತೀರಿ, ನಗಿ. ನಿಮ್ಮ ಮಕ್ಕಳ ಕ್ಲಾಸಿನಲ್ಲಿ ಒಬ್ಬಳು ಅಶ್ವಿನಿ ಇರಲಿಲ್ಲವೋ ಏನೋ.

ಆಗಲೂ ನಾವು ಇದೇ ಆಂಗ್ ಮೋ ಕಿಯೋ ಬಡಾವಣೆಯಲ್ಲೇ ಇದ್ದದ್ದು. ಪಕ್ಕದ ಬಡಾವಣೆ ಬಿಶಾನಿನ ದೊಡ್ಡ ಸ್ಕೂಲಿನಲ್ಲಿ ಸೀಟು ಸಿಗದೆ ಮಗಳು ದೀಪಾಳನ್ನು ನಮ್ಮ ಬ್ಲಾಕಿನ ಹಿಂದಿದ್ದ ಪುಟ್ಟ ಸ್ಕೂಲಿಗೆ ಸೇರಿಸಿದ್ದೆವು. ಏರಿಯಾ ಹಳೆಯದಾಗಿ ಮಕ್ಕಳೇ ಕಡಿಮೆಯಾಗಿದ್ದರು. ಅರ್ಧ ಬಿಲ್ಡಿಂಗಿಗೆ ಬೀಗ. ಅವಳ ಕ್ಲಾಸಿನಲ್ಲಿ ಚೀನೀ ಮಕ್ಕಳೇ ಹೆಚ್ಚು, ಮಲಯ್ ಮಕ್ಕಳು ಒಂದಷ್ಟು, ಇಂಡಿಯನ್ ಅಂತ ಇದ್ದವರು ಇಬ್ಬರೇ. ಒಬ್ಬಳು ನನ್ನ ದೀಪಾ. ಇನ್ನೊಬ್ಬಳು ನಮ್ಮದೇ ಫ್ಲೋರಿನಲ್ಲಿದ್ದ ಉಡುಪಿಯ ಸುಮತಿಯ ಮಗಳು ಅಶ್ವಿನಿ.

ಪರದೇಶದಲ್ಲಿ ಒಂದೇ ಕ್ಲಾಸಿಗೆ ಇಬ್ಬರು ಕನ್ನಡದ ಹುಡುಗಿಯರು, ಎಂಥ ಪುಣ್ಯ ಎನ್ನುತ್ತಿದ್ದರು ಕಂಡವರೆಲ್ಲ. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಚೀನೀ ಮಕ್ಕಳು ಎಷ್ಟು ಮುಂದಿದ್ದರೂ ನನಗೆ ನಿದ್ದೆ ಬರುತ್ತಿತ್ತು. ಅವರ ಪಾಡು ಅವರಿಗೆ ಎಂದು ಬಿಟ್ಟಿದ್ದೆ. ನಮ್ಮ ಹಾಗೆಯೇ ಅನ್ನ ಸಾರು ಉಂಡು ಬೆಳೆದವಳು ಮೊದಲ ರ‍್ಯಾಂಕ್ ಬಂದರೆ ಮಾತ್ರ ತಡೆಯಲು ಆಗುತ್ತಿರಲಿಲ್ಲ.

ಇಲ್ಲಿನ ವ್ಯವಸ್ಥೆಯೂ ಉರಿಯುವುದಕ್ಕೆ ತುಪ್ಪ ಸುರಿಯುವಂಥದ್ದೇ. ನಾಲ್ಕನೇ ಕ್ಲಾಸಿನ ಕೊನೆಯ ಪರೀಕ್ಷೆ ನೋಡಿ ಮಕ್ಕಳನ್ನು ಬೇರೆ ಬೇರೆ ವಿಭಾಗಕ್ಕೆ ಹಾಕುತ್ತಿದ್ದರು. ಮೇಲಿನ ವಿಭಾಗ ಸಿಗಬೇಕಾದರೆ ಎರಡನೇ ಭಾಷೆಯಲ್ಲೂ ಒಳ್ಳೆಯ ಮಾರ್ಕ್ಸ್ ಬೇಕು. ಕನ್ನಡವಂತೂ ಪಟ್ಟಿಯಲ್ಲೇ ಇಲ್ಲ. ನಾನು ಹಿಂದಿ ಕೊಡಿಸಿದೆ. ಸುಮತಿ ಮಗಳಿಗೆ ಮಲಯ್ ಕೊಡಿಸಿದಳು.

"ಮಲಯ್ ಯಾಕ್ರೀ? ಹಿಂದಿ ಆದ್ರೆ ನಮ್ದೇ ಅಲ್ವಾ?" ಎಂದೆ.

"ಎಂಥ ನಮ್ದು ಮಾರಾಯ್ರೆ! ನಮ್ಮನೇಲಿ ಯಾರಿಗೆ ಹಿಂದಿ ಬರುತ್ತೆ? ಬ್ಲಾಕ್ ಕೆಳಗಿನ ಖಾಲಿ ಜಾಗ, ಆ ವಾಯ್ಡ್ ಡೆಕ್‌ನಲ್ಲಿ ಇವಳು ಆಡೋದೇ ಮಲಯ್ ಮಕ್ಕಳ ಜೊತೆ. ಟ್ಯೂಷನ್ ಖರ್ಚೂ ಇಲ್ಲ."

ನಾನು ಒಳಗೊಳಗೇ ಮೂಗು ಮುರಿದೆ. ಮುರಿದದ್ದು ನನ್ನದೇ ಮೂಗು ಎಂದು ಆಮೇಲೆ ಗೊತ್ತಾಯಿತು. ಪ್ರತಿ ಶನಿವಾರ ಬಸ್ಸು ಹತ್ತಿ ಹಿಂದಿ ಕ್ಲಾಸಿಗೆ ಓಡುವುದು, ಮನೆಗೆ ಬಂದು ಕುರ್ಚಿ ಗಂಡೋ ಹೆಣ್ಣೋ ಎಂದು ತಾಯಿ ಮಗಳು ಕಿತ್ತಾಡುವುದು. ಮೈಸೂರಿನಲ್ಲಿ ನಾನು ಹಿಂದಿ ಪಾಸಾದದ್ದೇ ದೇವರ ದಯೆಯಿಂದ. ಅದನ್ನು ಮಗಳಿಗೆ ಹೇಳಲಾದೀತೆ? ಅತ್ತ ಅಶ್ವಿನಿ ಕೆಳಗೆ ಕುಂಟೆಬಿಲ್ಲೆ ಆಡುತ್ತಾ ಮಲಯ್ ಕಲಿಯುತ್ತಿದ್ದಳು.

ಟೆಸ್ಟ್ ಪೇಪರ್ ಕೊಡುವ ದಿನ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ದೀಪಾ ಬಗ್ಗಿ ಆ ಬಿಳಿ ಕ್ಯಾನ್ವಾಸ್ ಶೂ ಬಿಚ್ಚುವ ಮೊದಲೇ, "ಅಶ್ವಿನಿಗೆ ಎಷ್ಟು ಬಂತು?"

ನಾಲ್ಕನೇ ಕ್ಲಾಸಿನ ವರ್ಷದ ಮಧ್ಯದಲ್ಲಿ ಪೇರೆಂಟ್ಸ್ ಮೀಟಿಂಗ್ ಬಂತು. ಕ್ಲಾಸ್ ಟೀಚರ್ ಒಬ್ಬ ಚೀನೀ ಹೆಂಗಸು, ಆ ವರ್ಷವೇ ಹೊಸದಾಗಿ ಬಂದವರು. ನನ್ನನ್ನು ಕಂಡೊಡನೆ ಮುಖವರಳಿಸಿ, "ಯುವರ್ ಡಾಟರ್ ಆಹ್, ಸೋ ಕ್ಲೆವರ್! ಮ್ಯಾಥ್ಸ್ ಟಾಪ್, ಇಂಗ್ಲಿಷ್ ಟಾಪ್" ಎಂದರು. ಅಯ್ಯೋ, ಆ ಎರಡು ನಿಮಿಷ ನನ್ನ ಕಾಲು ನೆಲದ ಮೇಲಿರಲಿಲ್ಲ. ಈ ಕಳ್ಳಿ ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಮಗಳ ಮೇಲೆ ಮುದ್ದು ಉಕ್ಕಿ ಬಂತು. ಅಷ್ಟರಲ್ಲಿ ಆಕೆ, "ಮಲಯ್ ಆಲ್ಸೋ ವೆರಿ ಗುಡ್" ಎಂದರು.

ಇಂಡಿಯನ್ ತಾಯಂದಿರು ಇಬ್ಬರೇ. ಆ ಇಬ್ಬರಲ್ಲೂ ಅದಲುಬದಲು!

"ನೋ ನೋ, ಐ ಆ್ಯಮ್ ದೀಪಾಸ್ ಮದರ್" ಎಂದೆ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ಪಾಪ, ಟೀಚರ್ ಕೆಂಪಗಾದರು. "ಓಹ್, ದೀಪಾ! ದೀಪಾ..." ಎಂದು ಸ್ವಲ್ಪ ಹೊತ್ತು ಹುಡುಕಿ, ಆಮೇಲೆ ತಾವೇ ನಕ್ಕು, "ದೀಪಾ ಈಸ್ ಅ ವೆರಿ ಹ್ಯಾಪಿ ಗರ್ಲ್ ಲಾ. ಆಲ್ವೇಸ್ ಲಾಫಿಂಗ್. ಶಿ ಲಾಫ್, ವಿ ಆಲ್ಸೋ ಲಾಫ್" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಅಶ್ವಿನಿಗೆ ಮ್ಯಾಥ್ಸು, ಇಂಗ್ಲಿಷು, ಮಲಯ್ಯು. ನನ್ನ ಮಗಳಿಗೆ ಹೀ ಹೀ ಹೀ! ಹೇಳಲು ಏನೂ ಸಿಗದಾಗ ಹೇಳುವ ಮಾತಲ್ಲವೇ ಅದು? ಹೊರಗೆ ಕಾಯುತ್ತಿದ್ದ ದೀಪಾಳನ್ನು ಮನೆಯ ದಾರಿಯುದ್ದಕ್ಕೂ ಬೈದೆ. "ಕ್ಲಾಸಲ್ಲಿ ಹಲ್ಲು ಕಿರಿಯೋದಕ್ಕೆ ಮಾರ್ಕ್ಸ್ ಕೊಡ್ತಾರಾ?"

ವರ್ಷದ ಕೊನೆಗೆ ಅಶ್ವಿನಿ ಮೇಲಿನ ವಿಭಾಗಕ್ಕೆ ಹೋದಳು. ದೀಪಾ ಹೆಚ್ಚಿನ ಮಕ್ಕಳೆಲ್ಲ ಹೋಗುವ ಎರಡನೆಯದಕ್ಕೆ. ಸುಮತಿ ತಂದುಕೊಟ್ಟ ಕೇಸರಿಬಾತನ್ನು ಚೆನ್ನಾಗಿದೆ ಎಂದು ಹೊಗಳಿ, ಅವಳು ಹೋದ ಮೇಲೆ ತುಪ್ಪ ಸಾಲದು ಎಂದೆ. ತುಪ್ಪ ಬೇಕಾದಷ್ಟಿತ್ತು.

ಮೊನ್ನೆ ಮನೆಯೊಳಗೆ ಬಂದವಳೇ ದೀಪಾಗೆ ಫೋನ್ ಮಾಡಿದೆ. ಅವಳು ಈಗ ಇದೇ ಊರಿನ ಇನ್ನೊಂದು ಕಡೆ, ಬ್ಯೂನಾ ವಿಸ್ಟಾದಲ್ಲಿರುತ್ತಾಳೆ.

"ಅಶ್ವಿನಿ ನೆನಪಾದ್ಲು ಕಣೇ. ಏನ್ ಹುಡುಗಿ ಅದು! ಆ ಕೊನೇ ಪರೀಕ್ಷೇಲಿ ಮ್ಯಾಥ್ಸ್ ತೊಂಬತ್ತೆಂಟು, ಇಂಗ್ಲಿಷ್ ತೊಂಬತ್ತೊಂದು, ಮಲಯ್..."

"ನಂದು ಎಷ್ಟಮ್ಮ?"

ಬಾಯಿ ತೆರೆದೆ. ಮ್ಯಾಥ್ಸ್? ಹಿಂದಿ? ಏನೇನೂ ನೆನಪಿಗೆ ಬರಲಿಲ್ಲ.

"ನಂಗೆ ಅವಳ ಮೇಲೆ ಎಷ್ಟ್ ಜೆಲಸಿ ಇತ್ತು ಗೊತ್ತಾ?" ಎಂದಳು ದೀಪಾ.

"ಇರಲ್ವೇನೇ ಮತ್ತೆ, ಅಷ್ಟೊಂದು ಮಾರ್ಕ್ಸ್..."

"ಮಾರ್ಕ್ಸ್‌ಗಲ್ಲಮ್ಮ. ನಾನು ಮನೆಗೆ ಬಂದ್ರೆ ನೀನು ಕಾಯ್ತಾ ಇದ್ದಿದ್ದು ಅವಳ ವಿಷಯ ಕೇಳೋಕೆ."

ಅಷ್ಟು ಹೇಳಿ ಅವಳು ನಕ್ಕಳು. ದೂರಿದ್ದಲ್ಲ, ಸುಮ್ಮನೆ ನಕ್ಕಿದ್ದು. ಆ ನಗು ಕೇಳಿ ನನಗೂ ನಗು ಬಂತು. ಫೋನ್ ಇಟ್ಟು ಸೋಫಾದಲ್ಲಿ ಕೂತೆ. ಸುಮತಿಯ ಮೇಲೆ, ಅಶ್ವಿನಿಯ ಮೇಲೆ ಇದ್ದ ಉರಿಯನ್ನು ಹುಡುಕಿದರೆ ಅದು ಅಲ್ಲಿರಲಿಲ್ಲ. ಆದರೆ ಹೊಟ್ಟೆ ತಣ್ಣಗಾಯಿತು ಎಂದುಕೊಳ್ಳಬೇಡಿ. ಈಗ ನನಗೆ ಹೊಟ್ಟೆಕಿಚ್ಚು ಆ ಟೀಚರ್ ಮೇಲೆ. ಇಡೀ ವರ್ಷ, ದಿನಾ ಬೆಳಿಗ್ಗೆ, ನನ್ನ ಮಗಳು ನಗುವುದನ್ನು ನೋಡುತ್ತಾ ಕೂತಿದ್ದಳಲ್ಲ ಆ ಪುಣ್ಯವಂತೆ.